ಒಂದು ಸೈಡ್ ಬೇಸಿಗೆ

ನಮ್ಮ ಕಾರ್ಖಾನೆಯಲ್ಲಿ ಮೀನನ್ನು ಕಲ್ಲಿನಂತೆ ಹೆಪ್ಪುಗಟ್ಟಿಸುವ ಒಂದು ಕೋಣೆಯಿತ್ತು. ಅದರೊಳಗಿನ ಚಳಿ ಎಂಥದೆಂದರೆ, ಅಲ್ಲಿ ಸೀನಲು ಶುರು ಮಾಡಿದವನು ಹೊರಗೆ ಬಂದು ಮುಗಿಸಬೇಕಾಗುತ್ತಿತ್ತು. ಒಬ್ಬ ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಂಡೇ ಒಳಗೆ ಹೋದವನು, ಹೊರಗೆ ಬಂದ ಮೇಲೆ ಸಿಟ್ಟು ಯಾವುದಕ್ಕೆ ಎನ್ನುವುದಿರಲಿ, ಹೆಂಡತಿ ಯಾರು ಎಂದೇ ಅರ್ಧ ದಿನ ಯೋಚಿಸಿದ. ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಎಂದು ತೆಗೆದುಹಾಕಿ. ಉಳಿದ ಅರ್ಧವೇ ಒಬ್ಬ ಮನುಷ್ಯನನ್ನು ಮುಗಿಸುವುದಕ್ಕೆ ಸಾಕಾಯಿತು.

ಆ ಮನುಷ್ಯನನ್ನು ನಾವು ಬಿಸಿಲಪ್ಪ ಎನ್ನುತ್ತಿದ್ದೆವು. ಹೆತ್ತವರು ಇಟ್ಟ ಹೆಸರು ಬೇರೆ; ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಕೋಣೆಯಿಂದ ಹೊರಗೆ ಬಂದ ಕೂಡಲೇ ಉಳಿದವರೆಲ್ಲ ಚಹಾದ ಕಡೆಗೆ ಓಡಿದರೆ ಇವನು ಹಿತ್ತಲಿನ ಗೋಡೆಗೆ ಬೆನ್ನು ಕೊಟ್ಟು ಬಿಸಿಲಿನಲ್ಲಿ ಕೂರುತ್ತಿದ್ದ. ಅದೆಷ್ಟು ವರ್ಷ ಕೂತನೆಂದರೆ ಗೋಡೆಯಲ್ಲಿ ಅವನ ಬೆನ್ನಿನ ಅಚ್ಚೇ ಬಿದ್ದಿತ್ತು. ದರ್ಜಿಯೊಬ್ಬ ಅವನನ್ನು ನೋಡದೆ, ಗೋಡೆಯ ಅಳತೆ ತೆಗೆದುಕೊಂಡು ಅಂಗಿ ಹೊಲಿದು ಕೊಡಬಹುದಿತ್ತು.

ಬಿಸಿಲಪ್ಪ ಹುಟ್ಟಿದ್ದೇ ಚಳಿಯ ಕೆಲಸಕ್ಕೆ. ಹಾಲುಹಲ್ಲು ಪೂರ್ತಿ ಬೀಳುವ ಮೊದಲೇ ಅವನ ಅಪ್ಪ ಅವನನ್ನು ಮಂಜುಗಡ್ಡೆ ಮಾಡುವ ಕಡೆ ಸೇರಿಸಿದ್ದ. ಓರಗೆಯ ಮಕ್ಕಳು ಬೇಸಿಗೆ ರಜೆಯಲ್ಲಿ ನೀರಿಗೆ ಹಾರಿ, ಮೈ ಸುಟ್ಟುಕೊಂಡು, ಏಟು ತಿಂದು ಮನೆ ಸೇರುತ್ತಿದ್ದಾಗ ಇವನು ಅವರ ಶರಬತ್ತಿಗೆ ಬೇಕಾದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಸುತ್ತುತ್ತಿದ್ದ. ಬೇಸಿಗೆ ಎಂದರೆ ಅವನ ಪಾಲಿಗೆ ಗಿರಾಕಿ ಜಾಸ್ತಿ ಬರುವ ಕಾಲ, ಅಷ್ಟೇ. ಅಲ್ಲಿಂದ ದೊಡ್ಡವನಾಗಿ ನಮ್ಮ ಕೋಣೆಗೆ ಬಂದ. ಅಲ್ಲಿ ಮಂಜುಗಡ್ಡೆಯೇ ಚಳಿಗೆ ಹೊದ್ದು ಮಲಗಬೇಕು, ಹಾಗಿತ್ತು.

ಕೆಲಸ ಇಷ್ಟು. ಮೀನು ತುಂಬಿದ ತಟ್ಟೆಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗಿ, ಕೋಣೆಯೊಳಗೆ ಸಾಲುಸಾಲಾಗಿ ನಿಲ್ಲಿಸಿದ ಕಬ್ಬಿಣದ ಕಪಾಟುಗಳಲ್ಲಿ ಜೋಡಿಸಬೇಕು. ಒಂದು ಸರದಿ ತುಂಬಿದ ಮೇಲೆ ಎಲ್ಲರೂ ಹೊರಗೆ ಬಂದು, ಬಾಗಿಲು ಹಾಕಿ, ದೀಪ ಆರಿಸಿ, ದೊಡ್ಡ ಫ್ಯಾನುಗಳನ್ನು ಹಾಕುವುದು. ಫ್ಯಾನು ತಿರುಗುವಾಗ ಒಳಗೆ ನರಪಿಳ್ಳೆ ಇರಬಾರದು. ಆ ಗಾಳಿ ಮೀನಿನ ಕಣ್ಣನ್ನು ಗೋಲಿ ಮಾಡುತ್ತದೆ. ಮನುಷ್ಯರ ಕಣ್ಣಿಗೆ ಅದು ಬೇರೆ ನ್ಯಾಯ ಕೊಡುವುದಿಲ್ಲ. ತುಂಬುವಾಗ ಫ್ಯಾನು ನಿಂತಿದ್ದರೂ ತುಂಬ ಹೊತ್ತು ಒಳಗಿರುವಂತಿಲ್ಲ. ಇಷ್ಟು ಹೊತ್ತು ಒಳಗೆ, ಇಷ್ಟು ಹೊತ್ತು ಹೊರಗೆ ಎಂಬ ಲೆಕ್ಕವಿತ್ತು. ಆದರೆ ಹೊತ್ತು ನೋಡುವುದು ಹೇಗೆ? ಕೈಗಡಿಯಾರ ಒಳಗೆ ಹೋದರೆ ಗಾಜಿಗೆ ಮಂಜು ಹತ್ತಿ ಕುರುಡಾಗುತ್ತಿತ್ತು. ಮೇಸ್ತ್ರಿ ಗಂಟೆ ಬಾರಿಸಿ ನೋಡಿದ. ಗಂಟೆ ಯಾವಾಗ ಹೊಡೆಯುತ್ತದೋ ಎಂದು ಕಾಯುತ್ತ ಜನ ಬಾಗಿಲ ಹತ್ತಿರವೇ ಠಳಾಯಿಸತೊಡಗಿದರು. ತಟ್ಟೆಗಳೆಲ್ಲ ಬಾಗಿಲ ಬಳಿ, ಕೋಣೆಯ ಹಿಂಭಾಗ ಖಾಲಿ.

ಆಗ ಬಂದದ್ದು ಆ ಕ್ಯಾಸೆಟ್. ಮೀನು ಕೊಳ್ಳುವವರ ಕಡೆಯಿಂದ ತಪಾಸಣೆಗೆ ಬಂದಿದ್ದ ಒಬ್ಬ ಜಪಾನಿನವನು ಅದನ್ನು ಆಫೀಸಿನಲ್ಲಿ ಮರೆತು ಹೋಗಿದ್ದ. ಹೊದಿಕೆಯ ಮೇಲೆ ನೀಲಿ ಸಮುದ್ರ, ಹತ್ತಿಯ ಗುಡ್ಡದಂಥ ಮೋಡ, ಸೇತುವೆಯಿಂದ ನೀರಿಗೆ ಹಾರುತ್ತಿರುವ ನಾಲ್ಕು ಜನ ಹರೆಯದವರು. ಕಾಲಲ್ಲಿ ಬೂಟು ಹಾಗೇ ಇದೆ. ಮೇಸ್ತ್ರಿಗೆ ಹೊಳೆಯಿತು: ಕೋಣೆಯೊಳಗೆ ಒಂದು ಸ್ಪೀಕರು ನೇತುಹಾಕುವುದು, ಹೊರಗೆ ಟೇಪ್ ರೆಕಾರ್ಡರ್ ಇಡುವುದು. ಒಂದು ಸೈಡ್ ಮುಗಿಯುವವರೆಗೆ ಒಳಗೆ, ಇನ್ನೊಂದು ಸೈಡ್ ಮುಗಿಯುವವರೆಗೆ ಹೊರಗೆ. ಹಾಡು ನಿಂತಿತೋ, ಕೈಯಲ್ಲಿರುವುದನ್ನು ಬಿಟ್ಟು ಬಾಗಿಲಿಗೆ ಬರಬೇಕು. ಬಾಗಿಲಲ್ಲಿ ಮೇಸ್ತ್ರಿ ಒಬ್ಬೊಬ್ಬರ ಹೆಸರು ಕೂಗುತ್ತಾನೆ, ಹೂಂ ಎನ್ನಬೇಕು. ಎಲ್ಲರದೂ ಹೂಂ ಬಂದರೆ ಬಾಗಿಲು, ದೀಪ, ಫ್ಯಾನು.

ಆ ಹಾಡುಗಳನ್ನು ಏನೆಂದು ವರ್ಣಿಸಲಿ. ಒಬ್ಬ ಹುಡುಗಿ ಹಾಡುತ್ತಾಳೆ, ಪರೀಕ್ಷೆ ಮುಗಿದ ಸಂಜೆ ಶಾಲೆಯ ಗೇಟಿನಿಂದ ಆಚೆ ಬಿದ್ದವಳ ಹಾಗೆ. ಡ್ರಮ್ಮು ಅವಳ ಹಿಂದೆ ಮೆಟ್ಟಿಲು ಹಾರಿಕೊಂಡು ಓಡುತ್ತದೆ. ಗಿಟಾರು ಹೊಸ ತಗಡಿನ ಮೇಲೆ ಬಿಸಿಲು ಬಿದ್ದ ಹಾಗೆ ಕಣ್ಣು ಕೋರೈಸುತ್ತದೆ; ಕಿವಿಗೆ ಬೀಳುವುದು ಕಣ್ಣನ್ನು ಹೇಗೆ ಕೋರೈಸಿತು ಎಂದು ಕೇಳಬೇಡಿ, ಆ ಕೋಣೆಯಲ್ಲಿ ನಿಂತು ಕೇಳಿದ್ದರೆ ನಿಮಗೂ ಕೋರೈಸುತ್ತಿತ್ತು. ಎರಡು ಹಾಡುಗಳ ನಡುವೆ ಒಂದು ಅಲೆ ಬಂದು ಹೋಗುವ ಸದ್ದು, ದೂರದಲ್ಲಿ ಯಾರೋ ನಕ್ಕ ಸದ್ದು. ಮೀಸೆಯಲ್ಲಿ ಮಂಜು ಕಟ್ಟಿಕೊಂಡು, ಸತ್ತ ಮೀನುಗಳ ಸಾಲಿನ ನಡುವೆ, ಮೂಗು ಇದೆಯೋ ಬಿತ್ತೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದ ಐದಾರು ಗಂಡಸರು ಆ ಅಲೆ ಬಂದಾಗ ಸ್ವಲ್ಪ ಪಕ್ಕಕ್ಕೆ ಸರಿಯುತ್ತಿದ್ದರು, ಕಾಲು ಒದ್ದೆಯಾದೀತು ಎಂದು.

ಮಾತು ಒಂದೂ ಅರ್ಥವಾಗದ್ದರಿಂದ ಜಗಳಕ್ಕೆ ಬರವಿರಲಿಲ್ಲ.

“ಮೂರನೇ ಹಾಡು ಗ್ಯಾರಂಟಿ ಲವ್ವಿಂದೇ,” ಎನ್ನುತ್ತಿದ್ದ ಗೂಟ. ಕುಳ್ಳಗೆ, ನೆಲದಲ್ಲಿ ಬಡಿದು ನಿಲ್ಲಿಸಿದ ಹಾಗೆ ಇದ್ದುದರಿಂದ ಅವನಿಗೆ ಆ ಹೆಸರು. ಬಿಸಿಲಪ್ಪನ ಪಕ್ಕದ ಸಾಲಿನಲ್ಲಿ ಅವನ ಕೆಲಸ.

“ಲವ್ವೂ ಇಲ್ಲ, ಹಲ್ಲೂ ಇಲ್ಲ,” ಎನ್ನುತ್ತಿದ್ದ ಬಿಸಿಲಪ್ಪ. “ಸೈಕಲ್ ಹಾಡು ಕಣೋ ಅದು. ಇಳಿಜಾರಲ್ಲಿ ಬರ್ತಿದಾಳೆ, ಬ್ರೇಕ್ ಹಿಡೀತಿಲ್ಲ.”

“ನಿಂಗೆ ಹೇಗೆ ಗೊತ್ತು?”

“ಕೇಳಿಸ್ಕೊ. ಗಾಳಿ ಬಾಯೊಳಗೆ ಹೋಗ್ತಿದೆ ಅವಳಿಗೆ.”

ಗೂಟ ಕೇಳಿಸಿಕೊಂಡ. ಅಂದಿನಿಂದ ನಮಗೆಲ್ಲ ಅದು ಸೈಕಲ್ ಹಾಡೇ ಆಯಿತು. ಜಪಾನಿನಿಂದ ಆ ಹುಡುಗಿಯೇ ಬಂದು ಅಲ್ಲ ಎಂದರೂ ನಾವು ಒಪ್ಪುತ್ತಿರಲಿಲ್ಲ.

ಬಿಸಿಲಪ್ಪ ಒಮ್ಮೆ ಮೇಸ್ತ್ರಿಯ ಕೈಕಾಲು ಹಿಡಿದು ಆ ಕ್ಯಾಸೆಟ್ಟನ್ನು ವಾರದ ರಜೆಗೆ ಮನೆಗೆ ಒಯ್ದ. ಮಾರನೆಯ ದಿನ ಮುಖ ಸಪ್ಪಗೆ ಮಾಡಿಕೊಂಡು ತಂದು ಕೊಟ್ಟ. ಹೊರಗೆ ನೆತ್ತಿ ಸುಡುವ ನಿಜವಾದ ಬೇಸಿಗೆ. ತಗಡಿನ ಮಾಡಿನ ಮನೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕೇಳಿದರೆ ಅದು ಬರೀ ಗದ್ದಲ. ಹೆಂಡತಿ ಹೊದಿಕೆಯ ಚಿತ್ರ ನೋಡಿ, “ಬೂಟು ಬಿಚ್ಚದೆ ನೀರಿಗೆ ಹಾರ್ತಾರಲ್ಲ, ಇವರಮ್ಮಂದಿರು ಏನೂ ಅನ್ನಲ್ವಾ,” ಎಂದಳಂತೆ. “ಅದು ಇಲ್ಲಿ ಮಾತ್ರ ಬೇಸಿಗೆ ಕಣೋ,” ಎಂದು ಕೋಣೆಯ ಬಾಗಿಲು ತೋರಿಸಿ ಗೂಟನಿಗೆ ಹೇಳಿದ. “ಹೊರಗೆ ಇರೋದು ಬರೀ ಸೆಕೆ.” ಅವನಿಗೆ ಸಿಗದೆ ಹೋದ ರಜೆಗಳೆಲ್ಲ ಒಂದೊಂದು ಸೈಡಿನ ಲೆಕ್ಕದಲ್ಲಿ ಅಲ್ಲಿ ಸಿಗುತ್ತಿದ್ದವು. ಕೊನೆಯ ಹಾಡಿನ ಕೊನೆಯ ಅಲೆ ಮುಗಿಯುವವರೆಗೆ ಅವನು ಹೊರಗೆ ಬರುತ್ತಿರಲಿಲ್ಲ. ಮುಗಿದ ಮೇಲೆ ಒಂದು ಉಸಿರಿನಷ್ಟೂ ನಿಲ್ಲುತ್ತಿರಲಿಲ್ಲ. ಎಲ್ಲರ ಹಿಂದೆ, ಕೊನೆಯವನಾಗಿ, ಠೀವಿಯಿಂದ ಬರುತ್ತಿದ್ದ.

ವರ್ಷಗಳು ಹೋದವು. ಕ್ಯಾಸೆಟ್ ಸವೆಯಿತು, ಟೇಪ್ ರೆಕಾರ್ಡರಿನ ಒಳಗಿನ ಬೆಲ್ಟು ಸಡಿಲವಾಯಿತು. ಹುಡುಗಿಯ ದನಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ದಪ್ಪವಾಗುತ್ತ, ಹಾಡು ನಿಧಾನವಾಗುತ್ತ ಬಂತು. ನಮಗೆ ಗೊತ್ತೇ ಆಗಲಿಲ್ಲ. ಗೊತ್ತಾದವರು, ನಮ್ಮ ಜೊತೆಗೆ ಅವಳಿಗೂ ವಯಸ್ಸಾಗುತ್ತಿದೆ, ಪಾಪ, ಮಂಡಿನೋವಿರಬೇಕು ಎಂದುಕೊಂಡರು.

ಇತ್ತ ಬಿಸಿಲಪ್ಪನ ಕಿವಿ ಹೋಗತೊಡಗಿತು. ಕೋಣೆಯ ಗೋಡೆಗೆ ಅಂಟಿಕೊಂಡೇ ಇದ್ದ ಕಂಪ್ರೆಸರುಗಳು ಹಗಲೆಲ್ಲ ಆನೆ ಗೊರಕೆ ಹೊಡೆದ ಹಾಗೆ ಮೊರೆಯುತ್ತಿದ್ದವು. ಅವುಗಳ ಪಕ್ಕದಲ್ಲೇ ಅವನು ಬೆನ್ನು ಕೊಡುವ ಗೋಡೆ. ಮೊದಲು ಪತ್ತೆ ಹಚ್ಚಿದವಳು ಹೆಂಡತಿ. ಬೇರೆ ಊರಿಗೆ ಮದುವೆಯಾಗಿ ಹೋಗಿದ್ದ ಮಗಳು ಫೋನು ಮಾಡಿದರೆ ಇವನು, “ಹಾಂ, ಹಾಂ, ಒಳ್ಳೇದು, ನಿಮ್ಮಮ್ಮನಿಗೆ ಹೇಳು,” ಎಂದು ಅವಳ ಕೈಗೆ ತುರುಕುತ್ತಿದ್ದ. ಒಂದು ಸಲ ಮಗಳು ಆ ಕಡೆ ಅಳುತ್ತಿದ್ದಳು. ಇವನು ಒಳ್ಳೇದು ಎಂದ.

ಹೆಂಡತಿ ಅವನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು, “ರೀ, ನಿಮಗೆ ಎಷ್ಟು ದಿನದಿಂದ ಕೇಳಿಸ್ತಿಲ್ಲ?”

“ಕೇಳಿಸುತ್ತಲ್ಲ.”

“ಈಗ ನಾನು ಹೇಳಿದ್ದು ಪಕ್ಕದ ಮನೆಯವರಿಗೂ ಕೇಳಿಸಿದೆ. ಮೇಸ್ತ್ರಿಗೆ ಹೇಳಿಬಿಡಿ. ಗೇಟಿನ ಹತ್ರ ಕೂರಿಸ್ತಾರೆ. ಬೆಚ್ಚಗೆ ಇರ್ತೀರಿ.”

“ಗೇಟಿನ ಹತ್ರ ಏನಿದೆ?”

“ಬಿಸಿಲಿದೆ.”

“ಬಿಸಿಲು ನನಗೂ ಕಾಣುತ್ತೆ ಕಣೆ,” ಎಂದು ಅವನು ಎದ್ದುಹೋದ.

ಅವಳಿಗೆ ಗೊತ್ತಿಲ್ಲದ್ದು, ನಮ್ಮಲ್ಲಿ ಗೂಟನೊಬ್ಬನಿಗೆ ಗೊತ್ತಿದ್ದದ್ದು ಇಷ್ಟು: ಕೋಣೆಯೊಳಗೆ ಸ್ಪೀಕರಿನ ಹಾಡು ಬಿಸಿಲಪ್ಪನಿಗೆ ಆಗಲೇ ಕೇಳಿಸುತ್ತಿರಲಿಲ್ಲ. ಆದರೆ ಕೋಣೆಯೊಳಗೆ ಕಾಲಿಟ್ಟು, ಮೊದಲ ತಟ್ಟೆಗೆ ಕೈ ಹಾಕಿದ ಕೂಡಲೇ ಅದು ಅವನ ತಲೆಯೊಳಗೆ ತಾನಾಗಿ ಶುರುವಾಗುತ್ತಿತ್ತು. ಮನೆಯಲ್ಲಿ ಪ್ರಯತ್ನಪಟ್ಟ, ಬರಲಿಲ್ಲ. ಗೋಡೆಯ ಹತ್ತಿರ ಕೂತು ಪ್ರಯತ್ನಪಟ್ಟ, ಬರಲಿಲ್ಲ. ಚಳಿ ಮುಖಕ್ಕೆ ಹೊಡೆಯಬೇಕು, ಆಗಲೇ ಹುಡುಗಿ ಬಾಯಿ ತೆರೆಯುವುದು. ಕೋಣೆ ತಪ್ಪಿದರೆ ಹಾಡು ತಪ್ಪಿತು. ಅವನು ಕಾಪಾಡಿಕೊಳ್ಳಲು ಹೊರಟಿದ್ದು ಕೆಲಸವನ್ನಲ್ಲ, ಅದನ್ನು.

ಕಷ್ಟ ಬಂದದ್ದು ಬೇರೆಲ್ಲೋ ನಡೆದ ಒಂದು ಅನಾಹುತದಿಂದ. ಆಫೀಸಿನಿಂದ ಆಜ್ಞೆಯಾಯಿತು: ಕೋಣೆಯೊಳಗೆ ಹೋಗುವವರ ಕಿವಿ ಪರೀಕ್ಷೆಯಾಗಬೇಕು, ಕೇಳಿಸದವರು ಒಳಗೆ ಹೋಗುವಂತಿಲ್ಲ. ಡಾಕ್ಟರು ಬಂದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಸ್ಟೂಲಿನ ಮೇಲೆ ಕೂರಿಸಿ, ಬೆನ್ನ ಹಿಂದೆ ನಿಂತು ಪಿಸುಗುಟ್ಟುವರು. ಕೇಳಿಸಿದರೆ ಕೈ ಎತ್ತಬೇಕು. ಬಿಸಿಲಪ್ಪನ ಸರದಿ ಬಂದಾಗ ಗೂಟ ಎದುರು ಗೋಡೆಗೆ ಒರಗಿ ನಿಂತ. ಡಾಕ್ಟರ ತುಟಿ ಅಲುಗಿದಾಗಲೆಲ್ಲ ಗೂಟನ ಹುಬ್ಬು ಹಾರುವುದು, ಬಿಸಿಲಪ್ಪನ ಕೈ ಮೇಲೇಳುವುದು. ಮಧ್ಯೆ ಗೂಟನ ಹುಬ್ಬಿನ ಮೇಲೆ ಒಂದು ನೊಣ ಕೂತಿತು. ಅವನು ಅದನ್ನು ಓಡಿಸಲು ಹುಬ್ಬು ಕುಣಿಸಿದ್ದೇ ಕುಣಿಸಿದ್ದು, ಬಿಸಿಲಪ್ಪ ಕೈ ಎತ್ತಿದ್ದೇ ಎತ್ತಿದ್ದು.

ಡಾಕ್ಟರು ದಂಗಾದರು. “ನಾನಿನ್ನೂ ಏನೂ ಹೇಳಿಲ್ಲ.”

“ಅವನಿಗೆ ಹೇಳೋ ಮೊದಲೇ ಕೇಳಿಸುತ್ತೆ ಸಾರ್,” ಎಂದ ಗೂಟ. “ಅಷ್ಟು ಚುರುಕು.”

ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಡಾಕ್ಟರೂ ನಕ್ಕು ಪಾಸು ಮಾಡಿದರು. ಮೇಸ್ತ್ರಿ ಮಾತ್ರ ನಗಲಿಲ್ಲ. ಆದರೆ ಅವನು ನಕ್ಕದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ನಾವು ಅದಕ್ಕೆ ಅರ್ಥ ಹಚ್ಚಲಿಲ್ಲ.

ಅಂದಿನಿಂದ ಗೂಟ ಬಿಸಿಲಪ್ಪನ ಕಿವಿಯಾದ. ಹಾಡು ಮುಗಿದರೆ ಪಕ್ಕದ ಸಾಲಿನಿಂದ ಬಂದು ಬೆನ್ನು ತಟ್ಟುವುದು; ಬಾಗಿಲಲ್ಲಿ ಮೇಸ್ತ್ರಿ ‘ಬಿಸಿಲಪ್ಪ’ ಎಂದು ಕೂಗಿದಾಗ, ಗುಂಪಿನ ನಡುವೆ ತಲೆ ತಗ್ಗಿಸಿ, ದನಿ ಸ್ವಲ್ಪ ಒಡಕು ಮಾಡಿ ಅವನ ಪರವಾಗಿ ಹೂಂ ಎನ್ನುವುದು. ಎರಡೂ ಅಭ್ಯಾಸವಾಯಿತು. ಒಂದು ಸಂಜೆ ಬಿಸಿಲಪ್ಪನ ಹೆಂಡತಿ ಗೇಟಿನ ಹತ್ತಿರ ಗೂಟನನ್ನು ಕಾದು ನಿಂತಿದ್ದಳು.

“ಅವರಿಗೆ ಕೇಳಿಸಲ್ಲ ಅನ್ನೋದು ನಿನಗೆ ಗೊತ್ತು ತಾನೆ?”

“ಯಾವ ವಿಷಯ ಅತ್ತಿಗೆ?”

“ನನ್ನ ಹತ್ರ ನಾಟಕ ಬೇಡ. ನೀನೇ ಮೇಸ್ತ್ರಿಗೆ ಹೇಳು. ಅವರು ನನ್ನ ಮಾತು ಕೇಳಲ್ಲ.”

“ಅಣ್ಣ ಜೀವ ಬಿಡ್ತಾನೆ ಅತ್ತಿಗೆ. ಕೋಣೆ ಬಿಡಲ್ಲ.” ಗೂಟ ತಲೆ ಕೆರೆದುಕೊಂಡ. “ನಾನಿದೀನಲ್ಲ. ದಿನಾ ಕೈ ಹಿಡ್ಕೊಂಡು ಹೊರಗೆ ಕರ್ಕೊಂಡು ಬರ್ತೀನಿ, ಸಾಕಾ?”

ಅವಳು ತಿರುಗಿ ಮನೆಯ ದಾರಿ ಹಿಡಿದಳು. ಒಪ್ಪಿದಳು ಎಂದುಕೊಂಡ ಗೂಟ.

ಸ್ವಲ್ಪ ದಿನ ಬೆನ್ನು ತಟ್ಟಿದ. ಆಮೇಲೆ ನೋಡಿದರೆ, ತಟ್ಟುವುದಕ್ಕೆ ಕೈ ಎತ್ತುವಷ್ಟರಲ್ಲಿ ಬಿಸಿಲಪ್ಪ ತಿರುಗಿ ಬಾಗಿಲ ಕಡೆ ಹೊರಟಿರುತ್ತಿದ್ದ. ಸ್ಪೀಕರಿನಲ್ಲಿ ಕೊನೆಯ ಅಲೆ ಮುಗಿಯುವುದಕ್ಕೂ ಇವನ ತಲೆಯಲ್ಲಿ ಮುಗಿಯುವುದಕ್ಕೂ ಒಂದು ಕೂದಲಿನ ಅಂತರವಿಲ್ಲ. ಗೂಟ ಬೇಕೆಂದೇ ಪರೀಕ್ಷೆ ಮಾಡಿದ, ಪಂಥ ಕಟ್ಟಿದ, ಸೋತ. ಒಂದು ದಿನ ಟೇಪು ಮಧ್ಯದಲ್ಲಿ ಸಿಕ್ಕಿಕೊಂಡು, ಮೇಸ್ತ್ರಿ ಅದನ್ನು ಬಿಡಿಸಿ ಹಾಕಿದಾಗ, ಬಿಸಿಲಪ್ಪನೇ ಸರಿಯಾದ ಹೊತ್ತಿಗೆ ಹೊರಗೆ ಬಂದು ಟೇಪೇ ತಡವಾಗಿ ಮುಗಿಯಿತು. ಮೆಷಿನ್ನಿಗಿಂತ ಮನುಷ್ಯನೇ ನಂಬಿಕಸ್ಥ ಎಂದು ಗೂಟ ಬೆನ್ನು ತಟ್ಟುವುದನ್ನು ಬಿಟ್ಟ. ಹೂಂ ಎನ್ನುವುದು ಮಾತ್ರ ಉಳಿಯಿತು.

ಆಮೇಲೆ ಹೊಸ ಟೇಪ್ ರೆಕಾರ್ಡರ್ ಬಂತು. ಹಳೆಯದು ಒಂದು ಬೆಳಗ್ಗೆ ಕೆಮ್ಮಿ ಸುಮ್ಮನಾಗಿತ್ತು. ಮೇಸ್ತ್ರಿ ಪೇಟೆಯಿಂದ ಹೊಸದು ತಂದು, ಅದೇ ಕ್ಯಾಸೆಟ್ಟನ್ನು ಹಾಕಿ, ಎಲ್ಲರನ್ನೂ ಒಳಗೆ ಕಳಿಸಿದ. ಮೊದಲ ಹಾಡು ಶುರುವಾದದ್ದೇ ತಡ, ಕೈಯಲ್ಲಿದ್ದ ತಟ್ಟೆಗಳನ್ನು ಹಿಡಿದುಕೊಂಡೇ ನಾವು ನಿಂತುಬಿಟ್ಟೆವು. ಹುಡುಗಿ ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಓಡುತ್ತಿದ್ದಳು. ದನಿ ಕೀರಲು. ಡ್ರಮ್ಮು ಮೆಟ್ಟಿಲು ಹಾರುವುದಲ್ಲ, ಮೆಟ್ಟಿಲಿನಿಂದ ಉರುಳುತ್ತಿತ್ತು. ಸೈಕಲ್ ಹಾಡು ಬಂದಾಗಂತೂ, ಇವಳು ಗೋಡೆಗೆ ಗುದ್ದುವುದು ಖಂಡಿತ ಎಂದು ಒಬ್ಬ ಕಣ್ಣು ಮುಚ್ಚಿಕೊಂಡ. ಅಲೆಗಳು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ದಡಕ್ಕೆ ಬಿದ್ದು ಓಡಿಹೋದವು. ನಗದೆ ಇದ್ದವರಿಲ್ಲ. ತಲೆಯೊಳಗಿನ ಹಳೆಯ ಹಾಡಿಗೆ ಸರಿಯಾಗಿ, ಕೋಣೆಯ ಹಿಂಭಾಗದ ಕಪಾಟಿನ ಮರೆಯಲ್ಲಿ ತಟ್ಟೆ ಜೋಡಿಸುತ್ತಿದ್ದ ಬಿಸಿಲಪ್ಪನೊಬ್ಬ ನಗಲಿಲ್ಲ. ಯಾಕೆ ನಗಲಿಲ್ಲ ಎಂದು ನೋಡಲು ಅವನು ಯಾರಿಗೂ ಕಾಣಿಸುತ್ತಿರಲಿಲ್ಲ.

ಹಾಡು ನಿಂತಿತು. ಬಾಗಿಲಿಗೆ ಬಂದೆವು.

“ನಮ್ಮಜ್ಜಿ ಮೊಮ್ಮಗಳಾಗಿಬಿಟ್ಟಳಲ್ಲ ಮೇಸ್ತ್ರಿ,” ಎಂದ ಒಬ್ಬ. “ಅದ್ಯಾವ ಅಂಗಡಿಯಿಂದ ತಂದ್ರಿ? ನನ್ನ ಹೆಂಡತೀನೂ ಒಂದು ಸಲ ಹಾಕಿ ನೋಡ್ತೀನಿ.”

“ಬಾಯಿ ಮುಚ್ಕೊಂಡು ಹೂಂ ಅನ್ರೋ,” ಎಂದ ಮೇಸ್ತ್ರಿ. ಒಂದೊಂದೇ ಹೆಸರು ಕೂಗಿದ. ಬಿಸಿಲಪ್ಪ ಎಂದ. ನಗುತ್ತಿದ್ದ ಗೂಟ, ನಗುವಿನ ನಡುವೆ ಒಂದು ಉಸಿರು ತೆಗೆದುಕೊಂಡು, ದನಿ ಒಡಕು ಮಾಡಿ ಹೂಂ ಎಂದ. ಹಿಂದೆ ತಿರುಗಿ ನೋಡಲಿಲ್ಲ. ಕೊನೆಯವನಾಗಿ ಬರುವವನು ಬಂದೇ ಇರುತ್ತಾನೆ. ಇಷ್ಟು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಬಾಗಿಲು, ದೀಪ, ಫ್ಯಾನು.

ಚಹಾ ಕುಡಿದೆವು. ಗೂಟ ಎರಡು ಲೋಟ ಕುಡಿದ. ಆಮೇಲೆ, ಹುಡುಗಿಗೆ ಹರೆಯ ತಿರುಗಿ ಬಂದ ಸುದ್ದಿಯನ್ನು ಕೈಸನ್ನೆಯಲ್ಲಾದರೂ ಹೇಳಿ ನಗಿಸೋಣ ಎಂದು ಹಿತ್ತಲಿನ ಗೋಡೆಯ ಕಡೆಗೆ ಹೋದ. ಗೋಡೆಯ ಮೇಲೆ ಬಿಸಿಲು ಮಾತ್ರ ಇತ್ತು.

ಅವನು ಓಡಿಬಂದದ್ದನ್ನು ನಾನು ನೋಡಿದ್ದೇನೆ. ಅದರ ಬಗ್ಗೆ ಬಣ್ಣ ಕಟ್ಟಿ ಹೇಳುವುದಕ್ಕೆ ನನಗೆ ಏನೂ ತೋಚುವುದಿಲ್ಲ.

ಬಾಗಿಲು ತೆಗೆದಾಗ ಬಿಸಿಲಪ್ಪ ಹೊಸ್ತಿಲ ಹತ್ತಿರವೇ ಮಂಡಿಯೂರಿ ಕೂತಿದ್ದ. ಒಳಗಿನಿಂದ ಬಾಗಿಲು ತೆಗೆಯಲು ಒಂದು ಕಬ್ಬಿಣದ ಹಿಡಿ ಇತ್ತು. ಅದರ ಮೇಲೆ ಮಂಜು ಕಟ್ಟಿತ್ತು. ಕತ್ತಲೆಯಲ್ಲಿ ಗ್ಲೌಸು ಜಾರಿದ್ದರಿಂದ ಅದನ್ನು ಬಿಚ್ಚಿ ಬರಿಗೈಯಲ್ಲಿ ಹಿಡಿದಿದ್ದಾನೆ. ಕೈಗಳು ಕಬ್ಬಿಣಕ್ಕೆ ಅಂಟಿದ್ದವು. ಬಿಸಿನೀರು ಹೊಯ್ದು ಬಿಡಿಸಬೇಕಾಯಿತು. ಗೂಟ ಅವನನ್ನು ಮಗುವಿನ ಹಾಗೆ ಎತ್ತಿಕೊಂಡ. ಅವನು ಗೂಟನ ಮುಖ ನೋಡಿ, ಹಲ್ಲು ಕಟಕಟಿಸುತ್ತ, “ಇನ್ನೂ ಮುಗಿದಿರಲಿಲ್ಲ ಕಣೋ,” ಎಂದ.

ಆಸ್ಪತ್ರೆಯಲ್ಲಿ ಬೆರಳುಗಳನ್ನು ಉಳಿಸಲು ನೋಡಿದರು. ಅವು ಕಪ್ಪಾದವು. ಬಲಗೈಯಲ್ಲಿ ಹೆಬ್ಬೆರಳು ಉಳಿಯಿತು. ಎಡಗೈಯಲ್ಲಿ ಅದರ ಅರ್ಧ. ಆಫೀಸಿನಿಂದ ಒಬ್ಬ ಅಧಿಕಾರಿ ಮೇಸ್ತ್ರಿಯ ಜೊತೆಗೆ ಬಂದು ಹಾಸಿಗೆಯ ಪಕ್ಕ ಕೂತ. ನಾವೂ ಬಾಗಿಲಲ್ಲಿ ನಿಂತಿದ್ದೆವು. ಮೇಸ್ತ್ರಿ ಬಗ್ಗಿ, ಬಿಸಿಲಪ್ಪನ ಕಿವಿಗೆ ಬಾಯಿ ತಾಗಿಸಿ, ಅಧಿಕಾರಿಯ ಪ್ರಶ್ನೆಯನ್ನು ಕೂಗಿ ಹೇಳಿದ: “ನಿನ್ನ ಹೆಸರು ಕರೆದಾಗ ಹೂಂ ಅಂದೋರು ಯಾರು?”

ಬಿಸಿಲಪ್ಪ ಬಾಗಿಲ ಕಡೆ ನೋಡಲಿಲ್ಲ. “ನಾನೇ ಅಂದೆ. ಗ್ಲೌಸು ಮರ್ತಿದ್ದೆ, ತರೋಕೆ ಅಂತ ಮತ್ತೆ ಒಳಗೆ ಹೋದೆ. ಯಾರಿಗೂ ಹೇಳ್ಲಿಲ್ಲ.”

ಅಧಿಕಾರಿ ತಲೆಯಾಡಿಸಿದ. ಹಾಗಾದರೆ ತಪ್ಪು ಈತನದೇ, ಕಾರ್ಖಾನೆಯದಲ್ಲ, ಬೇರೆ ಕೆಲಸಗಾರರದೂ ಅಲ್ಲ. ಕಿವಿಗೆ ಬಾಯಿ ತಾಗಿಸಿ ಕೂಗಿದರೆ ಮಾತ್ರ ಕೇಳಿಸುವ ಮನುಷ್ಯನಿಗೆ ಅಷ್ಟು ದೂರದಿಂದ ಕರೆದ ಹೆಸರು ಹೇಗೆ ಕೇಳಿಸಿತು ಎಂದು ಅವನು ಕೇಳಬಹುದಿತ್ತು. ಮೇಸ್ತ್ರಿಯೂ ಕೇಳಬಹುದಿತ್ತು. ಮೇಸ್ತ್ರಿ ಕಿಟಕಿಯ ಕಡೆಗೆ ತಿರುಗಿ, ಹೊರಗೆ ನಿಂತಿದ್ದ ಸೈಕಲ್ಲುಗಳನ್ನು ನೋಡುತ್ತ ನಿಂತ.

ಅವರೆಲ್ಲ ಹೋದ ಮೇಲೆ ಗೂಟ ಹಾಸಿಗೆಯ ಹತ್ತಿರ ಬಂದ. ಬಿಸಿಲಪ್ಪ ಅವನಿಗೆ ಬೇರೆ ಮಾತಾಡಲು ಬಿಡಲಿಲ್ಲ.

“ಒಂದು ಹೇಳು. ಅವತ್ತು ನಾನು ತಡ ಮಾಡಿದ್ನಾ?”

“ಇಲ್ಲ ಅಣ್ಣ. ಮೆಷಿನ್ ಹೊಸದು. ಬೇಗ ಓಡ್ತು.”

“ಕೆಟ್ಟ ಮೆಷಿನ್ನಾ?”

ಗೂಟ ಮತ್ತೆ ಅವನ ಕಿವಿಗೆ ಬಾಯಿಟ್ಟ. “ಅಂಗಡಿಯವನು ಇದೇ ಸರಿ ಅಂದನಂತೆ. ನಮ್ಮ ಹಳೇದು ಎಳೀತಿತ್ತಂತೆ. ಇಷ್ಟು ವರ್ಷ ನಾವು ಕೇಳಿದ್ದು ನಿಧಾನದ್ದು.”

ಬಿಸಿಲಪ್ಪ ಬಟ್ಟೆ ಸುತ್ತಿದ ಎರಡು ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಮಾಡಿನ ಕಡೆ ನೋಡಿದ. ಸೈಕಲ್ ಹಾಡಿನಷ್ಟು ಹೊತ್ತಾದರೂ ಯೋಚಿಸಿರಬೇಕು. “ಸುಳ್ಳು,” ಎಂದ ಕೊನೆಗೆ. “ರಜಾದಲ್ಲಿರೋರಿಗೆ ಅಷ್ಟು ಅವಸರ ಯಾಕಿರುತ್ತೆ?”

ಅವನಿಗೆ ಗೇಟಿನ ಕೆಲಸವೂ ಸಿಗಲಿಲ್ಲ. ಗೇಟಿನವನಿಗೆ ಲಾರಿಯ ಹಾರ್ನು ಕೇಳಿಸಬೇಕು, ಅಡ್ಡಕಂಬ ಎತ್ತಲು ಬೆರಳುಗಳಿರಬೇಕು. ಕಾರ್ಖಾನೆಯಲ್ಲಿ ಹಾಡು ನಿಂತು ಮತ್ತೆ ಗಂಟೆ ಬಂತು. ಬಾಗಿಲಲ್ಲಿ ಮೇಸ್ತ್ರಿ ಹೆಸರು ಕೂಗುವುದನ್ನು ಬಿಟ್ಟು, ಕುರಿ ಎಣಿಸುವ ಹಾಗೆ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಎಣಿಸತೊಡಗಿದ. ಯಾರೂ ತಮಾಷೆ ಮಾಡಲಿಲ್ಲ.

ಗೂಟ ಬಿಸಿಲಪ್ಪನ ಮನೆಗೆ ಹೋದದ್ದು ಎಷ್ಟೋ ದಿನಗಳ ಮೇಲೆ, ಒಂದು ಮಧ್ಯಾಹ್ನ. ತಾನೊಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದ. ಬಿಸಿಲಪ್ಪ ಒಳಗಿನ ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದ, ತೆಳ್ಳಗಾಗಿದ್ದ, ನಮ್ಮನ್ನು ಕಂಡು ಮುಖ ಅರಳಿಸಿದ. ಹೆಂಡತಿ ಚೀಲಗಳ ರಾಶಿಯ ನಡುವೆ ಕೂತು ಗೋಣಿ ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಲಿಲ್ಲ.

ಗೂಟ ಹೊಸ್ತಿಲಲ್ಲೇ ಕುಸಿದು ಕೂತು, “ಅತ್ತಿಗೆ, ಅವತ್ತು ಹೂಂ ಅಂದೋನು ನಾನು,” ಎಂದ.

“ಗೊತ್ತು.”

“ಅಣ್ಣ ಹೇಳಿದ್ನಾ?”

“ಅವರು ಯಾಕೆ ಹೇಳ್ತಾರೆ? ಈ ಮನೇಲಿ ಪಾತ್ರೆ ಬಿದ್ರೆ ತಿರುಗಿ ನೋಡದೋರು, ಅಲ್ಲಿ ಮೇಸ್ತ್ರಿ ಕರೆದ್ರೆ ಹೂಂ ಅಂತಾರಾ?” ಅವಳು ದಾರ ಹಲ್ಲಿನಲ್ಲಿ ಕಡಿದಳು. “ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ ಅಂದಿದ್ದೆ ನೀನು. ಈಗ ಹಿಡಿಯೋದಕ್ಕೆ ಅಲ್ಲೇನಿದೆ, ನೋಡು.”

ಗೂಟ ನೋಡಲಿಲ್ಲ. ಬಿಸಿಲಪ್ಪ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತ ಮುಗುಳ್ನಗುತ್ತಿದ್ದ. “ಏನಂತಾಳೋ?” ಎಂದ.

ಅವಳೇ ಗಂಡನ ಕಡೆ ಮುಖ ತಿರುಗಿಸಿ, ತುಟಿ ಅಗಲಿಸಿ, “ತುಂಬ ದಿನಕ್ಕೆ ಬಂದ್ರು ಅಂದೆ,” ಎಂದಳು. ಅವನು ತಲೆಯಾಡಿಸಿದ.

“ಬಂದದ್ದು ಒಳ್ಳೇದಾಯ್ತು ಬಾರೋ,” ಎಂದು ಗೂಟನನ್ನು ಪಕ್ಕಕ್ಕೆ ಕರೆದ. “ಒಂದು ಕೆಲಸ ಆಗಬೇಕು ನಿನ್ನಿಂದ. ಈಗ ಇಲ್ಲೂ ಬರುತ್ತೆ ಹಾಡು, ಗೊತ್ತಾ? ಅವತ್ತಿನ ಚಳಿ ಮೈಯಿಂದ ಇನ್ನೂ ಹೋಗಿಲ್ಲ ನೋಡು, ಅದಕ್ಕೆ ಬರುತ್ತೆ. ಆದ್ರೆ ಕೊನೇ ಹಾಡಿದೆಯಲ್ಲ, ಅದು ಅರ್ಧಕ್ಕೆ ನಿಂತುಬಿಡುತ್ತೆ. ಫ್ಯಾನು ಬಂದ ಕಡೆ. ಅಲ್ಲಿಂದ ಮುಂದೆ ಎಷ್ಟು ಎಳೆದ್ರೂ ಬರ್ತಿಲ್ಲ. ಹಿಂದಿನಿಂದ ಮತ್ತೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೆ, ಆಮೇಲೆ ಬರೀ ಗಾಳಿ. ನೀನು ಅಷ್ಟು ಹಾಡಿಬಿಡು. ಒಂದು ಸಲ ಸಾಕು, ಕೂತ್ಕೊಂಡುಬಿಡುತ್ತೆ.”

“ನನಗೆ ಮಾತು ಬರಲ್ಲ ಅಣ್ಣ.”

ಬಿಸಿಲಪ್ಪ ಅವನ ತುಟಿಯನ್ನೇ ನೋಡುತ್ತಿದ್ದ. “ಮಾತು ಯಾರಿಗೆ ಬರುತ್ತೆ? ರಾಗ ಹಾಡು. ಹಳೇ ಮೆಷಿನ್ನಿನ ಹಾಗೆ. ಹೊಸದರ ಹಾಗೆ ಓಡಿಸಬೇಡ.”

ಗೂಟ ಅತ್ತಿಗೆಯ ಕಡೆ ನೋಡಿದ. ಅವಳು ಮಂಚದ ಮೇಲಿದ್ದ ಒಂದು ಚೀಲವನ್ನು ಎಳೆದು ಅವನಿಗೆ ಜಾಗ ಮಾಡಿದಳು. ಗೂಟ ಕೂತು, ಗಂಟಲು ಸರಿಮಾಡಿಕೊಂಡು, ಬಿಸಿಲಪ್ಪನ ಕಿವಿಗೆ ಬಾಯಿ ತಾಗಿಸಿದ. ಬಿಸಿಲಪ್ಪ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡ.

ಗೂಟನ ದನಿ ಎಂಥದೆಂದರೆ ಗೊರಕೆಯೇ ವಾಸಿ. ಆದರೆ ಅವತ್ತು ಅವನು ಹಾಡಿದ. ಅರ್ಧದಿಂದ ಹಿಡಿದು, ನಿಧಾನವಾಗಿ, ಒಂದೊಂದು ಏರನ್ನೂ ತಡಕಾಡಿ ಹತ್ತಿ, ಮಾತಿಲ್ಲದ ಕಡೆ ನಾನಾನಾ ತುಂಬಿ, ನರಗಳು ಉಬ್ಬುವಷ್ಟು ಜೋರಾಗಿ ಹಾಡಿದ. ಪಕ್ಕದ ಮನೆಯ ಬಾಗಿಲು ತೆರೆದುಕೊಂಡಿತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಅವನು ಯಾವುದನ್ನೂ ಲೆಕ್ಕಿಸದೆ ಎರಡನೆಯ ಚರಣ ದಾಟಿ ಮೂರನೆಯದಕ್ಕೆ ಬಂದ.

ಬಿಸಿಲಪ್ಪ ಕಣ್ಣು ಮುಚ್ಚಿಕೊಂಡೇ, ತಾಳ್ಮೆಯಿಂದ ಕಾದು, ಮೊಣಕೈಯಿಂದ ಅವನನ್ನು ತಿವಿದ.

“ನಾಚಿಕೆ ಯಾಕೋ? ಶುರು ಮಾಡು.”

ಗೂಟ ನಿಲ್ಲಿಸಿ, ಹೆದರಿದವನ ಹಾಗೆ ಅತ್ತಿಗೆಯ ಮುಖ ನೋಡಿದ. “ಅತ್ತಿಗೆ, ಕಿವಿಗೆ ಬಾಯಿಟ್ರೂ…?”

“ಅದೂ ಹೋಯ್ತು, ಆಸ್ಪತ್ರೆಯಿಂದ ಬಂದ ವಾರದಲ್ಲೇ,” ಎಂದಳು ಅವಳು. ಅವಳ ಸೂಜಿ ಗೋಣಿಯಲ್ಲೇ ನಿಂತಿತ್ತು. “ತುಟಿ ನೋಡ್ಕೊಂಡು ಉತ್ತರ ಕೊಡ್ತಾರೆ. ಕಿವಿಗೇ ಕೇಳಿಸ್ತಿದೆ ಅಂದ್ಕೊಂಡಿದಾರೆ.”

“ಶುರು ಮಾಡೋ ಮಾರಾಯ,” ಎಂದ ಬಿಸಿಲಪ್ಪ, ಕಣ್ಣು ತೆರೆಯದೆ.

ಗೂಟ ಮತ್ತೆ ಅವನ ಕಿವಿಗೆ ಬಾಯಿ ತಾಗಿಸಿದ. ಮತ್ತೆ ಅರ್ಧದಿಂದ ಶುರು ಮಾಡಿದ.